ಬಿಸುಡುವುದಕ್ಕೂ ಒಂದು ವ್ರತವಿದೆ

ವಸ್ತುವೊಂದನ್ನು ಕೊಳ್ಳುವಾಗ ಮನುಷ್ಯ ಹತ್ತು ಸಲ ಯೋಚಿಸುತ್ತಾನೆ. ಬೆಲೆ ಕೇಳುತ್ತಾನೆ, ಗುಣ ನೋಡುತ್ತಾನೆ, ನಾಲ್ಕು ಅಂಗಡಿ ತಿರುಗುತ್ತಾನೆ. ಅದೇ ವಸ್ತು ಕೆಟ್ಟು ಕೈಗೆ ಭಾರವಾದ ದಿನ ಮಾತ್ರ ಯೋಚನೆ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಚರಂಡಿಗೋ ತಿಪ್ಪೆಗೋ ಗುಜರಿಯವನ ಚೀಲಕ್ಕೋ ಅದು ಸೇರಿಬಿಡುತ್ತದೆ. ಕಣ್ಣಿನಿಂದ ಮರೆಯಾದದ್ದು ಲೋಕದಿಂದಲೇ ಮರೆಯಾಯಿತು ಎಂಬ ಭ್ರಮೆಯೇ ಇದಕ್ಕೆ ಕಾರಣ. ಜಿನಧರ್ಮವು ಈ ಭ್ರಮೆಯನ್ನು ಬಹಳ ಹಿಂದೆಯೇ ಗುರುತಿಸಿತು. ವಸ್ತುವನ್ನು ಬಿಡುವ ಕ್ರಿಯೆಯನ್ನೂ ಆಚಾರದ ಕಟ್ಟಿನೊಳಗೆ ತಂದಿತು.

ಮುನಿಗಳ ಆಚಾರದಲ್ಲಿ ಐದು ಸಮಿತಿಗಳನ್ನು ಹೇಳಲಾಗಿದೆ. ನಡೆಯುವಾಗಿನ ಎಚ್ಚರ ಈರ್ಯಾಸಮಿತಿ. ನುಡಿಯುವಾಗಿನ ಎಚ್ಚರ ಭಾಷಾಸಮಿತಿ. ಆಹಾರವನ್ನು ಸ್ವೀಕರಿಸುವಾಗಿನ ಎಚ್ಚರ ಏಷಣಾಸಮಿತಿ. ವಸ್ತುವನ್ನು ಎತ್ತುವಾಗ ಹಾಗೂ ಇಡುವಾಗಿನ ಎಚ್ಚರ ಆದಾನನಿಕ್ಷೇಪಣ ಸಮಿತಿ. ದೇಹದ ಮಲವನ್ನು ವಿಸರ್ಜಿಸುವಾಗ ಆ ನೆಲದಲ್ಲಿ ಜೀವಿಗಳಿವೆಯೇ ಎಂದು ನೋಡಿ, ಪರಿಶೋಧಿಸಿ ನಡೆದುಕೊಳ್ಳುವ ಎಚ್ಚರ ಉತ್ಸರ್ಗ ಸಮಿತಿ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಈ ಐದೂ ಕ್ರಮವಾಗಿ ಬಂದಿವೆ. ಕೊನೆಯ ಎರಡು ಸಮಿತಿಗಳು ವಸ್ತುಗಳ ಲೋಕದೊಡನೆ ಮನುಷ್ಯನಿಗಿರುವ ಸಂಬಂಧವನ್ನು ನೇರವಾಗಿ ಮುಟ್ಟುತ್ತವೆ.

ಇದು ಮುನಿಗಳಿಗೆ ಮಾತ್ರ, ಗೃಹಸ್ಥರಿಗಲ್ಲ ಎಂದುಕೊಳ್ಳುವಂತಿಲ್ಲ. ಅದೇ ಗ್ರಂಥದ ಏಳನೆಯ ಅಧ್ಯಾಯವು ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯನ್ನೂ ಎಣಿಸುತ್ತದೆ. ಶ್ರಾವಕರು ಆಚರಿಸುವ ಪ್ರೋಷಧೋಪವಾಸ ವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದಾಗಿ ಹೇಳಿರುವುದೇ, ನೋಡದೆ ಶೋಧಿಸದೆ ವಿಸರ್ಜಿಸುವ ದೋಷ. ಉಪವಾಸವಿದ್ದವನು ಹಸಿವನ್ನು ಗೆದ್ದರೂ, ನೋಡದೆ ಎಸೆದರೆ ಆ ವ್ರತಕ್ಕೆ ಕಲೆ ತಗಲುತ್ತದೆ ಎಂಬುದು ಇದರ ತಾತ್ಪರ್ಯ.

ತುಮಕೂರಿನ ಸಮೀಪದ ಮಂದರಗಿರಿಗೆ ಹೋದವರು ಬೆಟ್ಟದ ಬುಡದಲ್ಲಿ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಎದ್ದುನಿಂತ 81 ಅಡಿ ಎತ್ತರದ ಗುರುಮಂದಿರವನ್ನು ಕಂಡಿರುತ್ತಾರೆ. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಸ್ಮರಣೆಗೆ ಕಟ್ಟಿದ ಮಂದಿರವದು. ಪಿಂಛಿ ದಿಗಂಬರ ಮುನಿಗಳ ಅಲಂಕಾರವಲ್ಲ. ಅದು ಅವರ ಉಪಕರಣ. ಕುಳಿತುಕೊಳ್ಳುವ ನೆಲವನ್ನು, ಎತ್ತುವ ಗ್ರಂಥವನ್ನು, ಕಮಂಡಲುವನ್ನು ಇಡುವ ತಾಣವನ್ನು ಅದರಿಂದ ಮೃದುವಾಗಿ ಸವರಿ, ಇರುವೆಯಂಥ ಕಿರುಜೀವಿಗೂ ನೋವಾಗದಂತೆ ಸರಿಸುತ್ತಾರೆ. ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಅದನ್ನು ಕಟ್ಟುತ್ತಾರೆ. ಎತ್ತುವಾಗ, ಇಡುವಾಗ, ಬಿಡುವಾಗ ಒಮ್ಮೆ ನೋಡು ಎಂಬ ಉಪದೇಶವನ್ನು ಆ ಮಂದಿರ ತನ್ನ ಆಕಾರದಿಂದಲೇ ಸಾರುತ್ತಿದೆ.

ಪಿಂಛಿಯ ಈ ಪಾಠ ಇಂದಿನ ಮನೆಯೊಂದರಲ್ಲಿ ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಒಂದು ದೃಷ್ಟಾಂತವನ್ನು ಭಾವಿಸಬಹುದು.

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಮದಲೂರು ಬಯಲುಸೀಮೆಯ ಊರು. ಅಲ್ಲಿನ ದೊಡ್ಡ ಕೆರೆ ಹೇಮಾವತಿಯ ನೀರಿಗಾಗಿ ವರ್ಷಗಟ್ಟಲೆ ಕಾದದ್ದು ಸೀಮೆಗೆಲ್ಲ ತಿಳಿದ ಸಂಗತಿ. ಮಳೆ ಕೈಕೊಟ್ಟರೆ ಕೊಳವೆಬಾವಿಯೂ ಕೈಕೊಡುವ ನೆಲದಲ್ಲಿ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಊರಿನಲ್ಲಿ ಒಂದು ಶ್ರಾವಕ ಕುಟುಂಬ. ಅಲ್ಲಿ ಹದಿನಾಲ್ಕರ ಪ್ರಾಯದ ಹುಡುಗನೊಬ್ಬನಿಗೆ ರಿಮೋಟಿನಿಂದ ಓಡಿಸುವ ಹವ್ಯಾಸದ ಕಾರೊಂದಿದೆ. ಅಂಗಡಿಯ ಅಗ್ಗದ ಆಟಿಕೆಯಲ್ಲ. ಬಿಡಿಭಾಗ ಬಿಚ್ಚಿ ಜೋಡಿಸಬಹುದಾದ, ಕೆರೆಯಂಗಳದ ಮಣ್ಣಿನಲ್ಲೂ ಧೂಳೆಬ್ಬಿಸಿ ಓಡಬಲ್ಲ ಕಾರು. ಹಬ್ಬಗಳಲ್ಲಿ ಬಂದ ಹಣವನ್ನು ಎರಡು ವರ್ಷ ಕೂಡಿಟ್ಟು ಕೊಂಡದ್ದು. ಒಂದು ಸಂಜೆ ಕಾರು ಬಂಡೆಗೆ ಬಡಿಯಿತು. ಮನೆಗೆ ತಂದು ಬಿಚ್ಚಿದಾಗ ಅದರ ಬ್ಯಾಟರಿಯ ಒಂದು ಮೂಲೆ ಜಜ್ಜಿಹೋಗಿತ್ತು. ಮರುದಿನ ಬೆಳಗಿಗೆ ಅದು ಹಪ್ಪಳದಂತೆ ಉಬ್ಬಿತ್ತು.

ಜಗಲಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಿದ್ದ ತಾತನ ಮುಂದೆ ಪಂಚಾಯತಿ ಸೇರಿತು. ಹುಡುಗನ ಆಸೆ ಸರಳವಾದದ್ದು. “ತಾತ, ಇನ್ನೊಂದೇ ಸಲ ಚಾರ್ಜಿಗೆ ಹಾಕಿ ನೋಡಲೇ? ಹತ್ತು ನಿಮಿಷ ಓಡಿದರೂ ಸಾಕು.” ತಂದೆ ಯಾರಿಂದಲೋ ಕೇಳಿದ ಉಪಾಯ ಹೇಳಿದನು: “ಸೂಜಿಯಿಂದ ಸಣ್ಣದಾಗಿ ಚುಚ್ಚಿ ಗಾಳಿ ತೆಗೆದು, ಮೇಲೆ ಟೇಪು ಸುತ್ತಿದರೆ ಸರಿಹೋಗುತ್ತದಂತೆ.” ಅಣ್ಣನಿಗೆ ಬೇರೆ ಯೋಚನೆ. “ಪಕ್ಕದ ಬೀದಿಯ ಹುಡುಗ ಇನ್ನೂರು ರೂಪಾಯಿ ಕೊಡುತ್ತಾನೆ. ಕೊಟ್ಟುಬಿಡೋಣ, ಆಮೇಲೆ ಅವನ ಪಾಡು.” ತಾಯಿ ಒಳಗಿನಿಂದ, “ನಾಳೆ ಕಸದ ಗಾಡಿ ಬರುತ್ತದೆ ಮಾವ, ಅದಕ್ಕೆ ಹಾಕಿದರಾಯಿತು” ಎಂದಳು. ಅಜ್ಜಿ, “ಅಷ್ಟು ದುಡ್ಡು ಕಿತ್ತುಕೊಂಡು ಇಂಥದ್ದನ್ನು ಮಾರಿದವನಿಗೆ ಒಳ್ಳೆಯದಾಗುತ್ತದೆಯೇ!” ಎಂದು ನಿಟ್ಟುಸಿರಿಟ್ಟಳು.

ಐವರ ಮಾತಿನಲ್ಲಿಯೂ ಕೆಡುಕಿನ ಉದ್ದೇಶವಿಲ್ಲ. ಆದರೂ ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಆ ಮಾತುಗಳು ಪರಿಚಿತವೆನಿಸುತ್ತವೆ.

ಗೃಹಸ್ಥರ ಮೂರು ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಬದುಕಿಗೆ ಅಗತ್ಯವಾದ ಕೆಲಸಗಳಲ್ಲಿ ಸ್ವಲ್ಪ ಹಿಂಸೆ ಗೃಹಸ್ಥನಿಗೆ ತಪ್ಪಿದ್ದಲ್ಲ. ಹೊಲ ಉಳಬೇಕು, ಒಲೆ ಹೊತ್ತಿಸಬೇಕು, ನೀರು ಸೇದಬೇಕು. ಆದರೆ ಯಾವ ಪ್ರಯೋಜನವೂ ಇಲ್ಲದೆ, ಬರಿಯ ಅಜಾಗರೂಕತೆಯಿಂದ ನಡೆಯುವ ಹಿಂಸೆಯೂ ಇದೆ. ಅದೇ ಅನರ್ಥದಂಡ. ಆಚಾರ್ಯರು ಅದನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಪಾಪಕಾರ್ಯಕ್ಕೆ ದಾರಿಯಾಗುವ ಸಲಹೆ ಕೊಡುವುದು ಪಾಪೋಪದೇಶ. ಹಿಂಸೆಗೆ ಸಾಧನವಾಗುವ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಇನ್ನೊಬ್ಬರ ಕೇಡನ್ನು ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನ. ಮನಸ್ಸನ್ನು ಕಲುಷಿತಗೊಳಿಸುವ ಮಾತುಗಳಿಗೆ ಕಿವಿಗೊಡುವುದು ದುಃಶ್ರುತಿ. ಕಾರಣವಿಲ್ಲದೆ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ಹಾನಿ ಮಾಡುವ ಮೈಮರೆವು ಪ್ರಮಾದಚರ್ಯೆ.

ಜಗಲಿಯ ಮಾತುಕತೆಯನ್ನು ಈ ಕನ್ನಡಿಯಲ್ಲಿ ನೋಡಬಹುದು. ಅಂಗಡಿಯವನಿಗೆ ಕೇಡನ್ನು ಬಯಸಿದ ಅಜ್ಜಿಯ ನಿಟ್ಟುಸಿರು ಅಪಧ್ಯಾನದ ಅಂಚಿನಲ್ಲಿದೆ. ಯಾರೋ ಕೊಟ್ಟ ಅಪಾಯಕರ ಸಲಹೆ ಪಾಪೋಪದೇಶ. ಅದನ್ನು ಪರೀಕ್ಷಿಸದೆ ಕಿವಿಗೆ ಹಾಕಿಕೊಂಡು ಮನೆಗೆ ತಂದದ್ದು ದುಃಶ್ರುತಿಯ ನೆರಳು. ಇನ್ನೂರು ರೂಪಾಯಿಗೆ ಪಕ್ಕದ ಬೀದಿಯ ಹುಡುಗನಿಗೆ ಮಾರುವುದು ಹಿಂಸಾದಾನ. ಕಸದ ಗಾಡಿಗೆ ಸುರಿಯುವುದು ಪ್ರಮಾದಚರ್ಯೆ. ಇನ್ನೊಂದೇ ಸಲ ಎನ್ನುವ ಹುಡುಗನ ಆಸೆ? ಅದು ಅನರ್ಥದಂಡದ ಮೂಲದಲ್ಲಿರುವ ಮೂರ್ಛೆ. ವಸ್ತುವಿನಲ್ಲಿ ‘ನನ್ನದು’ ಎಂದು ಮನಸ್ಸು ಮೂರ್ಛೆಹೋಗುವುದನ್ನೇ ತತ್ತ್ವಾರ್ಥಸೂತ್ರವು ಪರಿಗ್ರಹವೆಂದು ಕರೆದಿದೆ. ಪರಿಗ್ರಹವೆಂದರೆ ಪೆಟ್ಟಿಗೆಯಲ್ಲಿರುವ ವಸ್ತುಗಳ ಲೆಕ್ಕವಷ್ಟೇ ಅಲ್ಲ, ಬಿಡಲಾಗದ ಮನಸ್ಸಿನ ಹಿಡಿತ.

ಈ ಹೋಲಿಕೆ ಕೇವಲ ಮಾತಿನ ಚಮತ್ಕಾರವೆನಿಸದಿರಬೇಕಾದರೆ ಆ ಪುಟ್ಟ ಬ್ಯಾಟರಿಯೊಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಜ್ಞಾನವಿಲ್ಲದ ದಯೆ ಕುರುಡಾಗುತ್ತದೆ ಎಂಬುದು ಜೈನಾಚಾರದ ಎಚ್ಚರಿಕೆ. ಮೊದಲು ಅರಿವು, ಅನಂತರ ದಯೆ.

ಇಂದಿನ ಹವ್ಯಾಸದ ಕಾರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಮೊಬೈಲ್ ಫೋನಿನ ಬ್ಯಾಟರಿಯ ಕುಲವೇ ಇದರದು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು; ಅದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಕಾರಿನ ಬ್ಯಾಟರಿಯಲ್ಲಿ ಗಟ್ಟಿಯಾದ ಲೋಹದ ಕವಚದ ಬದಲು ಮೆತ್ತನೆಯ ಚೀಲದಂಥ ಹೊದಿಕೆಯಿರುವುದು ಸಾಮಾನ್ಯ. ಒಂದೊಂದು ಸೆಲ್ಲಿನ ಸರಾಸರಿ ಒತ್ತಡ 3.7 ವೋಲ್ಟ್, ಪೂರ್ಣ ತುಂಬಿದಾಗ 4.2 ವೋಲ್ಟ್. ಒಳಗೆ ತಾಮ್ರ ಮತ್ತು ಅಲ್ಯೂಮಿನಿಯಂನ ತೆಳುಹಾಳೆಗಳು, ಅವುಗಳ ಮೇಲೆ ಗ್ರಾಫೈಟ್ ಹಾಗೂ ಲಿಥಿಯಂ ಸಂಯುಕ್ತಗಳ ಲೇಪ, ನಡುವೆ ಕೂದಲಿಗಿಂತ ತೆಳುವಾದ ಪರದೆ, ಬೆಂಕಿ ತಗುಲಿದರೆ ಉರಿಯುವ ದ್ರಾವಣ. ಆ ಪರದೆ ಹರಿದರೆ ಎರಡು ಕಡೆಯ ಪದರಗಳು ಒಂದಕ್ಕೊಂದು ತಗುಲಿ ಶಾಖ ಹುಟ್ಟುತ್ತದೆ. ಶಾಖದಿಂದ ರಾಸಾಯನಿಕ ಕ್ರಿಯೆ ಹೆಚ್ಚುತ್ತದೆ, ಕ್ರಿಯೆಯಿಂದ ಮತ್ತಷ್ಟು ಶಾಖ. ಹೀಗೆ ಹತೋಟಿ ತಪ್ಪಿದ ಬಿಸಿ ಕೆಲವೇ ಕ್ಷಣಗಳಲ್ಲಿ ಜ್ವಾಲೆಯಾಗಿ ಹೊರಬೀಳಬಲ್ಲದು.

ಬ್ಯಾಟರಿ ಉಬ್ಬುವುದೆಂದರೆ ಒಳಗಿನ ದ್ರಾವಣ ವಿಘಟನೆಗೊಂಡು ಅನಿಲವಾಗಿದೆ ಎಂದರ್ಥ. ಚುಚ್ಚಿ ಆ ಅನಿಲವನ್ನು ಹೊರಬಿಟ್ಟರೆ ಕಾಯಿಲೆ ಹೋಗುವುದಿಲ್ಲ. ಸೂಜಿಯೇ ಒಳಗಿನ ಪದರಗಳನ್ನು ಸೇರಿಸಿ ಕಿಡಿ ಹುಟ್ಟಿಸಬಹುದು. ಹೊರಗಿನ ಗಾಳಿಯ ತೇವ ಒಳಹೊಕ್ಕು ದ್ರಾವಣದಲ್ಲಿರುವ ಫ್ಲೋರಿನ್ ಲವಣದೊಡನೆ ಕೂಡಿ, ಚರ್ಮವನ್ನೂ ಶ್ವಾಸವನ್ನೂ ಸುಡುವ ಹೈಡ್ರೋಫ್ಲೋರಿಕ್ ಆಮ್ಲವಾಗಬಹುದು. ಜಜ್ಜಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕುವುದು ಗಾಯಗೊಂಡ ಹಾವನ್ನು ಕೋಲಿನಿಂದ ಕೆಣಕಿದಂತೆ.

ಹಾಗಾದರೆ ಕೆಟ್ಟದ್ದನ್ನೆಲ್ಲ ಬಿಸುಡಬೇಕೇ? ಇಲ್ಲಿಯೇ ವಿವೇಕದ ಕೆಲಸವಿರುವುದು. ಸಮಂತಭದ್ರರ ಜೀವನದ ಕುರಿತು ಪರಂಪರೆಯಲ್ಲಿ ಪ್ರಸಿದ್ಧವಾದ ಕಥೆಯೊಂದಿದೆ. ಎಷ್ಟು ತಿಂದರೂ ಹಸಿವಡಗದ ಭಸ್ಮಕವ್ಯಾಧಿ ಅವರನ್ನು ಕಾಡಿತು. ಮುನಿವ್ರತದ ನಿಯಮದೊಳಗೆ ಆ ರೋಗಕ್ಕೆ ಆಹಾರ ಒದಗಿಸುವುದು ಅಸಾಧ್ಯವಾದಾಗ ಅವರು ಗುರುಗಳ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಈ ವ್ಯಾಧಿ ಗುಣವಾಗುವಂಥದು, ನಿನ್ನಿಂದ ಧರ್ಮಕ್ಕೆ ಇನ್ನೂ ಮಹತ್ತಾದ ಸೇವೆ ಆಗಬೇಕಾಗಿದೆ, ಮೊದಲು ಚಿಕಿತ್ಸೆ ಮಾಡಿಕೋ ಎಂದು ಆದೇಶಿಸಿದರು. ಶಿಷ್ಯರು ಗುರುವಾಕ್ಯವನ್ನು ಪಾಲಿಸಿದರು, ರೋಗಮುಕ್ತರಾದರು, ಮತ್ತೆ ದೀಕ್ಷೆ ಪಡೆದರು. ಕನ್ನಡದ ಜೈನ ಕವಿಗಳು ತಮ್ಮ ಕಾವ್ಯಗಳ ಆರಂಭದಲ್ಲಿ ಭಕ್ತಿಯಿಂದ ಸ್ಮರಿಸುವ ಆ ಮಹಾನುಭಾವರು ಉಳಿದದ್ದು ಗುರುಗಳ ಈ ವಿವೇಕದಿಂದ.

ಮುಂದೆ ಅವರೇ ತಮ್ಮ ಶ್ರಾವಕಾಚಾರದಲ್ಲಿ ಸಲ್ಲೇಖನದ ಲಕ್ಷಣವನ್ನು ಹೇಳುವಾಗ ಒಂದು ಷರತ್ತನ್ನು ಇಟ್ಟರು. ಉಪಸರ್ಗವಾಗಲಿ, ಬರಗಾಲವಾಗಲಿ, ಮುಪ್ಪಾಗಲಿ, ರೋಗವಾಗಲಿ, ಅದು ನಿಷ್ಪ್ರತೀಕಾರವಾಗಿರಬೇಕು. ಎಂದರೆ ಅದಕ್ಕೆ ಪರಿಹಾರವೇ ಇಲ್ಲದಿರಬೇಕು. ದೇಹದ ಮಾತು ಬೇರೆ, ಜಡವಸ್ತುವಿನ ಮಾತು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಪ್ರಶ್ನೆಯನ್ನು ಕೇಳಬೇಕಾದ ಕ್ರಮ ಆ ಷರತ್ತಿನಲ್ಲಿದೆ. ಪ್ರತೀಕಾರವಿದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಬಿಡುವುದು ಅವಸರ. ಇಲ್ಲದಿದ್ದರೆ ಹಿಡಿದುಕೊಂಡಿರುವುದು ಮೋಹ.

ಬ್ಯಾಟರಿಯ ವಿಷಯದಲ್ಲಿ ಪ್ರತೀಕಾರವಿರುವ ಕಾಯಿಲೆಗಳು ಹಲವು. ಹೊರಗಿನ ತಂತಿ ಹರಿದಿದ್ದರೆ, ಜೋಡಿಸುವ ಪ್ಲಗ್ಗು ಕರಗಿದ್ದರೆ, ಬೆಸುಗೆ ಬಿಟ್ಟಿದ್ದರೆ, ಸೆಲ್ಲುಗಳು ಆರೋಗ್ಯವಾಗಿದ್ದ ಪಕ್ಷದಲ್ಲಿ ಬಲ್ಲ ಕುಶಲಿಯಿಂದ ರಿಪೇರಿ ಮಾಡಿಸಬಹುದು. ಅನೇಕ ವೇಳೆ ತಪ್ಪು ಚಾರ್ಜರಿನದು, ಬ್ಯಾಟರಿ ನಿರಪರಾಧಿ. ಹಳೆಯ ಮಾದರಿಯ ಕಾರುಗಳಲ್ಲಿರುವ ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಬಹುಕಾಲ ಪೆಟ್ಟಿಗೆಯಲ್ಲಿದ್ದು ಜಡವಾಗಿದ್ದರೆ, ಸರಿಯಾದ ಚಾರ್ಜರಿನಲ್ಲಿ ಕೆಲವು ಬಾರಿ ತುಂಬಿ ಖಾಲಿ ಮಾಡಿದಾಗ ಮರಳಿ ಶಕ್ತಿ ಪಡೆಯುವುದುಂಟು. 1.2 ವೋಲ್ಟಿನ ಆರು ಸೆಲ್ಲುಗಳಿರುವ 7.2 ವೋಲ್ಟಿನ ಅಂಥ ಕಟ್ಟಿನಲ್ಲಿ ಒಂದು ಸೆಲ್ಲು ಸತ್ತಿದ್ದರೆ ಅದೊಂದನ್ನೇ ಬದಲಿಸುವ ಕೆಲಸವನ್ನು ಬಲ್ಲವರೂ ಇದ್ದಾರೆ. ಇಂಥವನ್ನು ಬಿಸುಡುವುದು ಅನರ್ಥ. ಒಂದು ಹೊಸ ಬ್ಯಾಟರಿಗೆ ಎಲ್ಲೋ ನೆಲ ಅಗೆಯಬೇಕು, ಅದಿರನ್ನು ಕಾಯಿಸಬೇಕು, ನೀರು ಚೆಲ್ಲಬೇಕು. ರಿಪೇರಿ ಮಾಡಿ ಬಳಸುವುದೂ ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ ಜೀವಗಳ ಮೇಲೆ ತೋರುವ ದಯೆಯೇ.

ಆದರೆ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ, ಜಜ್ಜಿದ್ದರೆ, ತೂತಾಗಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ, ಬಳಸದೆಯೂ ಬಿಸಿಯಾಗುತ್ತಿದ್ದರೆ ಅದು ನಿಷ್ಪ್ರತೀಕಾರ. ಮೇಲ್ನೋಟಕ್ಕೆ ಚೆನ್ನಾಗಿದ್ದೂ ತಿಂಗಳುಗಟ್ಟಲೆ ಪೂರ್ತಿ ಬರಿದಾಗಿ ಉಳಿದ ಬ್ಯಾಟರಿಯ ಪಾಡೂ ಅದೇ. ಒತ್ತಡ ಅತಿಯಾಗಿ ಕುಸಿದಾಗ ಒಳಗಿನ ತಾಮ್ರ ಕರಗುತ್ತದೆ. ಮತ್ತೆ ಒತ್ತಾಯದಿಂದ ತುಂಬಿದರೆ ಆ ತಾಮ್ರ ಬೇಡದ ಕಡೆ ಹೆಪ್ಪುಗಟ್ಟಿ ಒಳಗೊಳಗೇ ಸೇತುವೆ ಕಟ್ಟಬಹುದು. ಇಲ್ಲಿ ಉಳಿಸುವ ಪ್ರಯತ್ನ ಜಾಣತನವೂ ಅಲ್ಲ, ಮಿತವ್ಯಯವೂ ಅಲ್ಲ.

ದೃಷ್ಟಾಂತದ ತಾತ ಬ್ಯಾಟರಿಯನ್ನು ದೂರದಿಂದಲೇ ನೋಡಿ ಮೂರು ಪ್ರಶ್ನೆ ಕೇಳಿದನು. “ಇದು ಗುಣವಾಗುವ ಕಾಯಿಲೆಯೇ? ಗುಣವಾಗದಿದ್ದರೆ ಇದು ಯಾರ ಕೈಗೆ ಹೋಗುತ್ತದೆ? ಆ ಕೈ ನಮ್ಮ ಮನೆಯದಾಗಿದ್ದರೆ ಕೊಡುತ್ತಿದ್ದೆವೇ?”

ಮೊದಲ ಪ್ರಶ್ನೆಗೆ ಉಬ್ಬಿದ ಹೊಟ್ಟೆಯೇ ಉತ್ತರ ಹೇಳಿತು. ಎರಡನೆಯ ಪ್ರಶ್ನೆಗೆ ಎಲ್ಲರೂ ಸುಮ್ಮನಾದರು. ಪಕ್ಕದ ಬೀದಿಯ ಹುಡುಗ ಅದನ್ನು ರಾತ್ರಿ ಹಾಸಿಗೆಯ ಪಕ್ಕ ಚಾರ್ಜಿಗೆ ಹಾಕಿ ಮಲಗುವವನು. ವಿಷ, ಆಯುಧ, ಅಗ್ನಿ, ಹಗ್ಗ, ಚಾವಟಿ ಮೊದಲಾದುವನ್ನು ಇನ್ನೊಬ್ಬರಿಗೆ ಕೊಡುವುದನ್ನು ಪೂಜ್ಯಪಾದ ಆಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಹಿಂಸಾದಾನದ ಉದಾಹರಣೆಯಾಗಿ ಎಣಿಸಿದ್ದಾರೆ. ಗಾಯಗೊಂಡ ಬ್ಯಾಟರಿಯಲ್ಲಿ ವಿಷವೂ ಇದೆ, ಅಗ್ನಿಯೂ ಇದೆ. ಇನ್ನೂರು ರೂಪಾಯಿ ಬಂತೆಂದು ಅದು ವ್ಯಾಪಾರವಾಗುವುದಿಲ್ಲ.

ಕಸದ ಗಾಡಿಯ ಮಾತೂ ಹಾಗೆಯೇ. ಇಂದು ಕರ್ನಾಟಕದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿಯನ್ನು ಓಡಿಸುವವರು, ಕಸವನ್ನು ಕೈಯಿಂದ ಬೇರ್ಪಡಿಸುವವರು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಮನೆಯ ಒಣಕಸದ ನಡುವೆ ಹುದುಗಿದ ಬ್ಯಾಟರಿ ಗಾಡಿಯಲ್ಲಿ ಒತ್ತಿ ಕಿಡಿಯಾದರೆ ಸುತ್ತಲಿನ ಕಾಗದ, ಪ್ಲಾಸ್ಟಿಕ್ಕು ಅದಕ್ಕೆ ಸೌದೆಯಾಗುತ್ತವೆ. ಸುಡುವುದು ಎಸೆದವರ ಕೈಯಲ್ಲ. ಗುಜರಿಗೆ ಹೋದರೆ ತಾಮ್ರದ ಆಸೆಗೆ ಅದನ್ನು ಸುತ್ತಿಗೆಯಿಂದ ಒಡೆಯುವ ಬಡ ಬಾಲಕನೊಬ್ಬ ಎಲ್ಲೋ ಇರುತ್ತಾನೆ. ಕೆರೆಯ ಅಂಗಳಕ್ಕೆ ಎಸೆದರೆ ಮಳೆಗಾಲದಲ್ಲಿ ಅದರ ಲವಣ ಮಣ್ಣಿಗೆ, ಮಣ್ಣಿನಿಂದ ನೀರಿಗೆ. ಕಪ್ಪೆ, ಮೀನು, ಕೊಕ್ಕರೆ, ನೀರು ಕುಡಿಯಲು ಬಂದ ಕುರಿಮಂದೆ, ಇವುಗಳಲ್ಲಿ ಯಾವ ಜೀವವೂ ಆ ಕಾರಿನ ಆಟವನ್ನು ಕಂಡು ಸಂತೋಷಪಟ್ಟದ್ದಲ್ಲ. ಒಬ್ಬರ ಹವ್ಯಾಸದ ಋಣವನ್ನು ಇನ್ನೊಂದು ಜೀವ ತೀರಿಸಬೇಕಾಗಿ ಬರುವುದು ಅದತ್ತಾದಾನಕ್ಕೆ ಸಮೀಪದ ದೋಷ. ಕೊಡದಿದ್ದ ನೆಮ್ಮದಿಯನ್ನು ಅವರಿಂದ ಕಸಿದುಕೊಂಡಂತೆ.

ತಾತ ಅಷ್ಟಕ್ಕೇ ನಿಲ್ಲಲಿಲ್ಲ. “ನಾನೂ ತಪ್ಪು ಮಾಡಿದ್ದೇನೆ ಮಗು. ಟಾರ್ಚಿನ ಸೆಲ್ಲುಗಳು ಮುಗಿದಾಗಲೆಲ್ಲ ಕೆರೆಯ ಏರಿಯ ಮೇಲೆ ನಿಂತು ಕೈ ಬೀಸಿ ಒಗೆದಿದ್ದೇನೆ. ಎಷ್ಟು ದೂರ ಹೋಯಿತೆಂದು ಸಂತೋಷಪಟ್ಟಿದ್ದೇನೆ. ಅವು ಎಲ್ಲಿಗೂ ಹೋಗಿಲ್ಲ, ಅಲ್ಲಿಯೇ ಇವೆ” ಎಂದನು. ಮೊಮ್ಮಗನಿಗೆ ಉಪದೇಶ ಮಾಡುವ ಮುನ್ನ ತನ್ನ ದೋಷವನ್ನು ಎದುರಿಗಿಟ್ಟುಕೊಳ್ಳುವುದೇ ಆಲೋಚನೆ. ಆದ ತಪ್ಪಿನಿಂದ ಹಿಂದಿರುಗುವುದು ಪ್ರತಿಕ್ರಮಣ. ಮುಂದೆ ಹಾಗೆ ಮಾಡೆನೆಂಬ ಸಂಕಲ್ಪ ಪ್ರತ್ಯಾಖ್ಯಾನ. ಸಾಮಾಯಿಕದ ವೇಳೆ ಕುಳಿತು ಇವನ್ನು ಬಾಯಿಪಾಠ ಮಾಡುವವರು ಹಲವರು. ಆ ಮಾತುಗಳು ಜಗಲಿಗೆ ಇಳಿದುಬಂದ ಗಳಿಗೆ ಮಾತ್ರ ಅಪರೂಪ.

ಅನಂತರ ನಡೆದದ್ದು ಉತ್ಸರ್ಗ ಸಮಿತಿಯ ಗೃಹಸ್ಥ ರೂಪ. ಬ್ಯಾಟರಿಯನ್ನು ಚುಚ್ಚಲಿಲ್ಲ, ಒತ್ತಲಿಲ್ಲ, ಉಪ್ಪುನೀರಿನಲ್ಲಿ ಮುಳುಗಿಸಲಿಲ್ಲ. ಅದರ ಎರಡು ತುದಿಗಳೂ ತಗುಲದಂತೆ ಒಂದೊಂದಕ್ಕೆ ಬೇರೆಬೇರೆಯಾಗಿ ಟೇಪು ಸುತ್ತಿದರು. ಹಳೆಯ ಮಣ್ಣಿನ ಮಡಕೆಯೊಂದರಲ್ಲಿ ಒಣಮರಳು ತುಂಬಿ, ನಡುವೆ ಅದನ್ನಿಟ್ಟು ಮೇಲೆ ಮತ್ತಷ್ಟು ಮರಳು ಸುರಿದರು. ಹುಲ್ಲಿನ ಬಣವೆ, ಸೌದೆ, ಅಡುಗೆಮನೆ, ದನದ ಕೊಟ್ಟಿಗೆಗಳಿಂದ ದೂರದಲ್ಲಿ, ಬಿಸಿಲೂ ಮಳೆಯೂ ತಾಗದ ಕಲ್ಲುಚಪ್ಪಡಿಯ ಮೇಲೆ ಮಡಕೆಯನ್ನಿರಿಸಿದರು. ಮಕ್ಕಳು ಮುಟ್ಟದಂತೆ ಎಚ್ಚರ ಹೇಳಿದರು. ಬಸ್ಸಿನ ಜನಜಂಗುಳಿಯಲ್ಲಿ ಅದನ್ನು ಚೀಲದಲ್ಲಿಟ್ಟು ಒಯ್ಯುವುದು ಸಲ್ಲದೆಂದು, ವಾಹನದ ಅನುಕೂಲವಾದ ದಿನ ಮರಳಿನ ಸಮೇತ ಒಯ್ದು, ಬ್ಯಾಟರಿಗಳನ್ನು ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ‘ಇದು ಹಾನಿಗೊಂಡದ್ದು’ ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸುವುದೆಂದು ನಿಶ್ಚಯಿಸಿದರು. ಹಾಗೆ ಹೇಳುವುದೂ ಧರ್ಮವೇ. ದೋಷವನ್ನು ಮರೆಮಾಚಿ ಕೊಟ್ಟರೆ ಸತ್ಯಾಣುವ್ರತಕ್ಕೂ ಭಂಗ, ಅಹಿಂಸಾಣುವ್ರತಕ್ಕೂ ಭಂಗ.

ರಾಜ್ಯದ ಕಾನೂನೂ ಇಂದು ಇದೇ ಮಾತನ್ನು ತನ್ನ ಭಾಷೆಯಲ್ಲಿ ಹೇಳುತ್ತಿದೆ. 2001ರಿಂದ ಜಾರಿಯಲ್ಲಿದ್ದ ಹಳೆಯ ನಿಯಮಗಳ ಬದಲಿಗೆ ಕೇಂದ್ರ ಪರಿಸರ ಸಚಿವಾಲಯವು 2022ರ ಆಗಸ್ಟ್ ತಿಂಗಳಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಬಳಸಿ ಮುಗಿದ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಇಟ್ಟು, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸುವುದು ಬಳಕೆದಾರನ ಹೊಣೆ. ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳುಹಿಸುವುದು ತಯಾರಕರ ಹೊಣೆ. ನೆಲದಲ್ಲಿ ಹೂಳುವುದಕ್ಕೂ ಸುಡುವುದಕ್ಕೂ ನಿಷೇಧವಿದೆ. ಬ್ಯಾಟರಿಯ ಮೈಮೇಲೆ ಅಡ್ಡಗೀಟು ಹಾಕಿದ ಕಸದ ಬುಟ್ಟಿಯ ಚಿತ್ರವನ್ನು ಮುದ್ರಿಸಿರುವುದು ಇದನ್ನೇ ನೆನಪಿಸುವುದಕ್ಕೆ. ಸರಿಯಾದ ಕೈ ಸೇರಿದರೆ ಅದರೊಳಗಿನ ಕೋಬಾಲ್ಟ್, ನಿಕೆಲ್, ತಾಮ್ರ, ಲಿಥಿಯಂ ಮತ್ತೆ ಹೊಸ ವಸ್ತುಗಳಾಗಬಲ್ಲವು.

ಒಂದು ಆಟದ ಕಾರಿಗೆ ಇಷ್ಟೆಲ್ಲ ವಿಚಾರವೇ ಎಂದು ಕೇಳುವವರಿರಬಹುದು. ಆದರೆ ಕಾಲ ಹೋಗುತ್ತಿರುವ ದಿಕ್ಕನ್ನು ನೋಡಬೇಕು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿದೆ. ಬಿಸಿಲನ್ನು ವಿದ್ಯುತ್ತಾಗಿಸುವ ಯುಗದಲ್ಲಿ ಆ ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಯೂ ಮನೆಮನೆಗೆ ಬರುತ್ತದೆ. ಶಾಲೆಗೆ ಹೋಗುವ ಸ್ಕೂಟರು, ತೋಟದ ಔಷಧಿ ಸಿಂಪಡಿಸುವ ಯಂತ್ರ, ಮಕ್ಕಳ ಕೈಯ ಫೋನು, ಬೀದಿದೀಪ, ಎಲ್ಲದರ ಹೊಟ್ಟೆಯಲ್ಲೂ ಅದೇ. ಇಂದು ಅಂಗೈಯಗಲದ ಬ್ಯಾಟರಿಯ ಮುಂದೆ ಸರಿಯಾದ ಪ್ರಶ್ನೆ ಕೇಳಲು ಕಲಿತ ಬಾಲಕ ನಾಳೆ ಆಳೆತ್ತರದ ಬ್ಯಾಟರಿಯ ಮುಂದೆಯೂ ಅದನ್ನೇ ಕೇಳುತ್ತಾನೆ. ಅಣುವ್ರತವೆಂಬ ಹೆಸರಿನಲ್ಲಿಯೇ ಈ ಗುಟ್ಟಿದೆ. ಅದು ಚಿಕ್ಕದರಲ್ಲಿ ಮೊದಲಾಗುತ್ತದೆ.

ಇಷ್ಟು ಎಚ್ಚರ ವಹಿಸಿದ ಮೇಲೂ ದಾರಿಯಲ್ಲಿ ಎಲ್ಲಿಯೋ ಒಂದು ಜೀವಕ್ಕೆ ನೋವಾದರೆ? ಕುಂದಕುಂದ ಆಚಾರ್ಯರು ಪ್ರವಚನಸಾರದಲ್ಲಿ ಈ ಸಂಶಯಕ್ಕೆ ಸಮಾಧಾನ ಹೇಳಿದ್ದಾರೆ. ಜೀವ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ. ಯತ್ನಾಚಾರದಿಂದ, ಸಮಿತಿಪೂರ್ವಕವಾಗಿ ನಡೆಯುವವನಿಗೆ ಹೊರಗೆ ಆದ ಹಿಂಸೆಯೊಂದರಿಂದಲೇ ಬಂಧವಿಲ್ಲ. ಎಂದರೆ ಎಸೆದ ಬ್ಯಾಟರಿ ಅದೃಷ್ಟವಶಾತ್ ಉರಿಯದೆ ಹೋದರೂ ಎಸೆದವನು ನಿರ್ದೋಷಿಯಾಗುವುದಿಲ್ಲ. ಜೋಪಾನವಾಗಿ ಒಪ್ಪಿಸಿದವನು ಫಲವನ್ನು ನೆನೆದು ಭಯಪಡಬೇಕಾಗಿಲ್ಲ. ಧರ್ಮ ಕೇಳುವುದು ಎಚ್ಚರವನ್ನು.

ಹುಡುಗನಿಗೆ ಹೊಸ ಬ್ಯಾಟರಿ ಕೊಡಿಸುವ ಮಾತೂ ಬಂತು. ತಾತ ಆಟವನ್ನು ಅಲ್ಲಗಳೆಯಲಿಲ್ಲ. ಗೃಹಸ್ಥನಿಗೆ ಭೋಗೋಪಭೋಗದ ಪರಿಮಾಣವಿದೆಯೇ ಹೊರತು ನಿಷೇಧವಿಲ್ಲ. ಒಂದು ಸಾಕು, ಬಿಡಿಗೆಂದು ಮೂರು ಬೇಡ ಎಂದನು. ಅಗತ್ಯಕ್ಕಿಂತ ಹೆಚ್ಚು ಭೋಗವಸ್ತುಗಳನ್ನು ಗುಡ್ಡೆ ಹಾಕುವುದೂ ಅನರ್ಥದಂಡವ್ರತದ ಅತಿಚಾರಗಳಲ್ಲಿ ಒಂದು. ಕೊಂಡದ್ದನ್ನು ಕಾಪಾಡುವ ಕ್ರಮವನ್ನೂ ಕಲಿಯಬೇಕಾಯಿತು: ಎದುರಿಗೆ ಕುಳಿತೇ ಚಾರ್ಜು ಮಾಡುವುದು, ಪೂರ್ತಿ ಬರಿದಾಗುವ ಮೊದಲೇ ಆಟ ನಿಲ್ಲಿಸುವುದು, ಬಹುದಿನ ಬಳಸದಿದ್ದರೆ ಪ್ರತಿ ಸೆಲ್ಲನ್ನೂ 3.8 ವೋಲ್ಟಿನ ಆಸುಪಾಸಿನಲ್ಲಿ, ತಂಪಾದ ಜಾಗದಲ್ಲಿ ಇಡುವುದು. ತುಂಬಿ ತುಳುಕದೆ, ಬರಿದೂ ಆಗದೆ ಮಧ್ಯದಲ್ಲಿದ್ದಾಗ ಅದು ಹೆಚ್ಚು ಕಾಲ ಬಾಳುತ್ತದೆ. ಪರಿಮಿತಿಯಲ್ಲಿ ಬಾಳಿಕೆಯಿದೆ ಎಂಬುದನ್ನು ಹುಡುಗ ಅಂದು ಗ್ರಂಥದಿಂದಲ್ಲ, ಬ್ಯಾಟರಿಯಿಂದ ಕಲಿತನು.

ಮಡಕೆ ಕಲ್ಲುಚಪ್ಪಡಿಯ ಮೇಲೆ ಕೆಲವು ದಿನವಿತ್ತು. ಶಾಲೆಗೆ ಹೋಗುವಾಗ, ಬರುವಾಗ ಹುಡುಗ ಅದರ ಕಡೆ ಒಮ್ಮೆ ನೋಡುತ್ತಿದ್ದನು. ಮೊದಮೊದಲು ಆ ನೋಟದಲ್ಲಿ ಕಳೆದುಕೊಂಡ ಆಟದ ದುಃಖವಿತ್ತು. ಆಮೇಲಾಮೇಲೆ ಕಾವಲುಗಾರನ ಎಚ್ಚರ ಮೂಡಿತು. ಒಪ್ಪಿಸಿ ಬಂದ ದಿನ ಅವನು ಖಾಲಿ ಮಡಕೆಯನ್ನು ಒಳಗೆ ತರಲಿಲ್ಲ. ಮತ್ತೆ ಒಣಮರಳು ತುಂಬಿ ಅಲ್ಲಿಯೇ ಇಟ್ಟನು. ಅಜ್ಜಿಯ ಹಳೆಯ ಟಾರ್ಚಿನ ಎರಡು ಸೆಲ್ಲುಗಳ ಆಯುಸ್ಸು ಮುಗಿಯುತ್ತ ಬಂದಿರುವುದು ಅವನ ಗಮನಕ್ಕೆ ಬಂದಿತ್ತು. ಅವುಗಳಿಗೆ ಬೇರೆಯೇ ಆದ ಒಂದು ಡಬ್ಬಿಯನ್ನು ಆ ಮಡಕೆಯ ಪಕ್ಕದಲ್ಲಿ ಇರಿಸಿದನು.